ಉಗುರಿನ ಚೀಲ

ಸಭಾಪಾಲಕರ ಮನೆ (ಈಗಲೂ ನಮ್ಮದೇ)
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ರೀ,

ಬಾಯಲ್ಲಿ ಕರೆಯುವುದನ್ನೇ ಕಾಗದದಲ್ಲೂ ಬರೆದಿದ್ದೇನೆ, ನಗಬೇಡಿ. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಗಂಟಲು ಹೇಗಿದೆ? ರಾತ್ರಿಯ ಕೆಮ್ಮು ಕಡಿಮೆಯಾಯಿತೇ? ಮೆತ್ತಗಿನ ಊಟ ನುಂಗುತ್ತಿದ್ದೀರಿ ಎಂದು ನಿಮ್ಮ ತಮ್ಮ ಫೋನಿನಲ್ಲಿ ಹೇಳಿದ. ಅವನ ಮಾತನ್ನು ಅರ್ಧ ಮಾತ್ರ ನಂಬಿದ್ದೇನೆ; ಆಸ್ಪತ್ರೆಯ ತಟ್ಟೆಯಲ್ಲಿ ಅವನ ಪಾಲೆಷ್ಟು, ನಿಮ್ಮ ಪಾಲೆಷ್ಟು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೇ ನಿಮ್ಮ ಪಕ್ಕದಲ್ಲಿ ಇರಬೇಕಿತ್ತು. ಗಂಡಸರ ವಾರ್ಡಿನಲ್ಲಿ ಹೆಂಗಸರು ಉಳಿಯುವಂತಿಲ್ಲ ಎಂದ ಆ ದಾದಿಗೆ ಒಂದು ದಿನ ನನ್ನ ಕೈಯಲ್ಲಿ ಕಾದಿದೆ. ಫೋನು ಮಾಡೋಣವೆಂದರೆ ನಾನೊಬ್ಬಳೇ ಮಾತಾಡಿ, ಆ ಕಡೆಯಿಂದ ನಿಮ್ಮ ಉಸಿರು ಮಾತ್ರ ಕೇಳಿದರೆ ನನಗೆ ಅಳು ತಡೆಯುವುದಿಲ್ಲ. ಅದಕ್ಕೇ ಈ ಕಾಗದ. ಒಳ್ಳೆಯ ಸುದ್ದಿ ಇದೆ, ಆದರೆ ಮೊದಲಿನಿಂದ ಹೇಳುತ್ತೇನೆ. ಮದುವೆಯಾದಾಗಿನಿಂದ ಮೊದಲ ಸಲ ನನ್ನ ಮಾತನ್ನು ನೀವು ಪೂರ್ತಿ ಕೇಳಬೇಕು.

ನಾನು ಆಸ್ಪತ್ರೆಯಿಂದ ಹೊರಡುವ ದಿನ ನೀವು ಸ್ಲೇಟಿನ ಮೇಲೆ ಬರೆದು ತೋರಿಸಿದಿರಲ್ಲ, "ಸ್ವರ ಇನ್ನು ಬರುವುದಿಲ್ಲ, ಸೇವೆ ಮುಗಿಯಿತು, ಹಿರಿಯರಿಗೆ ಹೇಳಿ ಮನೆ ಖಾಲಿ ಮಾಡು" ಎಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಅಕ್ಷರಗಳೇ ಕಣ್ಣ ಮುಂದೆ. ನಿಮ್ಮ ಮೇಲೆ ಸಿಟ್ಟು ಬಂತು, ಡಾಕ್ಟರ ಮೇಲೆ ಬಂತು, ಸುಳ್ಳೇಕೆ ಹೇಳಲಿ, ದೇವರ ಮೇಲೂ ಬಂತು. ಇಷ್ಟು ವರ್ಷ ತನ್ನ ಮಾತನ್ನೇ ಹೇಳಿದ ಗಂಟಲನ್ನು ಮುಚ್ಚಿಸಲು ಅವನಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದುಕೊಂಡೆ. ಮನೆಗೆ ಬಂದವಳೇ ಮೂಲೆ ಅಂಗಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಸಭೆಯ ಹಿರಿಯರ ಪೈಕಿ ಗಡಿಯಾರದ ಅಂಗಡಿಯವರು ಅಷ್ಟರಲ್ಲೇ ಬಾಗಿಲಿಗೆ ಬಂದರು. ಆರಾಧನೆಯಲ್ಲಿ ನಿಮ್ಮ ಪ್ರಸಂಗ ಎರಡು ನಿಮಿಷ ಉದ್ದವಾದರೆ ಕೈಗಡಿಯಾರ ಎತ್ತಿ ಕಿವಿಗೆ ಹಿಡಿಯುವ ಆಸಾಮಿ. ಪಾಪ, ಕೆಟ್ಟವರಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು: "ಅಮ್ಮಾವರೇ, ಬೇಜಾರು ಮಾಡ್ಕೋಬೇಡಿ. ಗಂಟೆ ಹೊಡೆಯದ ಗಡಿಯಾರನ ಎಷ್ಟು ದಿನ ಅಂತ ಗೋಡೆಗೆ ಹಾಕಿಡೋದು? ಸಭೆಗೆ ಒಬ್ಬ ಬೋಧಕರು ಬೇಕಲ್ಲ. ಮುಂದಿನ ಭಾನುವಾರ ಎಲ್ಲರನ್ನೂ ಕೇಳಿ ತೀರ್ಮಾನ ಮಾಡ್ತೀವಿ." ನಾನು ಸರಿ ಎಂದೆ. ಮತ್ತೇನು ಹೇಳಲಿ, ನೀವೇ ಅದನ್ನು ಬರೆದುಕೊಟ್ಟಿದ್ದಿರಿ.

ಬೀರುವಿನಿಂದ ಶುರುಮಾಡಿದೆ. ನಿಮ್ಮ ಅಂಗಿಗಳ ಕೆಳಗೆ ಆ ನೀಲಿ ಚೀಲ ಸಿಕ್ಕಿತು, ಒಳಗೆ ಎರಡು ನೇಲ್ ಕಟರ್, ಒಂದು ಚಿಕ್ಕ ಅರ, ಎಣ್ಣೆ ಶೀಶೆ, ನಾನು ಹುಡುಕಿ ಹುಡುಕಿ ಸುಸ್ತಾಗಿದ್ದ ನಮ್ಮ ಮೂರು ಒಳ್ಳೆಯ ಟವೆಲ್! ಅವು ಎಲ್ಲಿ ಹೋದವೆಂದು ಕೇಳಿದಾಗ ಮುಖ ಸಣ್ಣ ಮಾಡಿಕೊಂಡು ಆಚೆ ಹೋಗುತ್ತಿದ್ದಿರಲ್ಲ, ಈಗ ಸಿಕ್ಕಿಬಿದ್ದಿರಿ. ಚೀಲವನ್ನು ಪೆಟ್ಟಿಗೆಗೆ ಹಾಕಬೇಕು ಎನ್ನುವಷ್ಟರಲ್ಲಿ ಬಡಗಿಯ ಸೊಸೆ ಹಿತ್ತಲ ಬಾಗಿಲು ತಟ್ಟಿದಳು. "ಅಮ್ಮಾ, ಮಾವನ ಉಗುರು ಬೆಳೆದು ಪಕ್ಕದ ಬೆರಳಿಗೆ ಚುಚ್ತಾ ಇದೆ. ನಾವು ಮುಟ್ಟಿದ್ರೆ ಕೂಗಾಡ್ತಾರೆ. ಪಾಸ್ಟರ್ ಯಾವಾಗ ಬರ್ತಾರೆ?" ಇವರಿನ್ನು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆಯೇ ನಡೆದೆ.

ರೀ, ನೀವು ಹೋಗಿ ಹಾಸಿಗೆ ಹಿಡಿದವರ ಉಗುರು ಕತ್ತರಿಸಿ ಬರುತ್ತೀರಿ ಎಂದು ನನಗೆ ಗೊತ್ತಿತ್ತು. ಆದರೆ ಅದು ಇಷ್ಟು ಕಷ್ಟದ ಕೆಲಸ ಎಂದು ಯಾವನಿಗೆ ಗೊತ್ತು! ಮುದುಕರ ಉಗುರೆಂದರೆ ಕಲ್ಲು. ಮೊದಲನೆಯದಕ್ಕೇ ಕಟರ್ ಜಾರಿತು, ಅವಳ ಮಾವ ಬೀದಿಗೆಲ್ಲ ಕೇಳುವಂತೆ ಅರಚಿದರು. ಬಿಸಿನೀರಲ್ಲಿ ಕಾಲು ನೆನೆಯಲು ಬಿಡಬೇಕು, ಎಣ್ಣೆ ಹಚ್ಚಿ ಕಾಯಬೇಕು, ಅಂಚಿನಿಂದ ಚೂರು ಚೂರೇ ತೆಗೆಯಬೇಕು ಎಂದು ಅವರೇ ನನಗೆ ಪಾಠ ಹೇಳಿದರು. "ಪಾಸ್ಟರ್ ಹಾಗೆ ಮಾಡ್ತಾರೆ" ಎಂದು ಎರಡು ಮಾತಿಗೊಮ್ಮೆ ನಿಮ್ಮ ಹೆಸರು. ಕಾಲು ಒರೆಸಿ ಎದ್ದಾಗ ಸೊಂಟ ಹಿಡಿದುಕೊಂಡಿತ್ತು. ಹೊರಗೆ ಬಂದರೆ ಇನ್ನಿಬ್ಬರು ಕಾದಿದ್ದರು. ಕರ್ತನು ಶಿಷ್ಯರ ಕಾಲು ತೊಳೆದದ್ದನ್ನು ನೀವು ಎಷ್ಟು ಸಲ ಪ್ರಸಂಗ ಮಾಡಿಲ್ಲ? ಮುಂದಿನ ಬೆಂಚಿನಲ್ಲಿ ಕೂತು ಅಷ್ಟೂ ಸಲ ಕೇಳಿದ್ದೇನೆ. ಮಂಡಿಯೂರಿ ಕೂತು ಬೇರೆಯವರ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡ ಆ ದಿನ ಅದು ನನಗೆ ಅರ್ಥವಾಯಿತು.

ಗುರುವಾರ ಗಡಿಯಾರದವರ ಮನೆಯಿಂದಲೂ ಕರೆ ಬಂತು. ಅವರ ತಾಯಿ ಮೇಲಿನ ಕೋಣೆಯಲ್ಲಿ ಮಲಗಿದ್ದಾರಲ್ಲ, ಕಿವಿ ಹೋಗಿ ಬಹಳ ವರ್ಷವಾಯಿತು, ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುವುದಿಲ್ಲ. ನೀವು ಅಲ್ಲಿಗೂ ಹೋಗುತ್ತಿದ್ದುದು ನನಗೂ ಹೊಸ ಸುದ್ದಿ, ಅವರ ಮಗನಿಗೂ ಹೊಸ ಸುದ್ದಿ. ಅವರು ಕೆಳಗೆ ಅಂಗಡಿಯಲ್ಲಿರುವ ಹೊತ್ತಿಗೆ ನೀವು ಹಿತ್ತಲ ಮೆಟ್ಟಿಲು ಹತ್ತಿ ಬಂದು ಹೋಗುತ್ತಿದ್ದಿರಂತೆ. ನಾನು ನೀರಿನ ಬೋಗುಣಿ ಇಟ್ಟು, ಕೇಳಿಸದು ಎಂದು ಗೊತ್ತಿದ್ದರೂ ಅಭ್ಯಾಸಬಲದಿಂದ ಏನೇನೋ ಹರಟುತ್ತಾ ಬಲಗಾಲು ಹಿಡಿದೆ. ಅಜ್ಜಿ ನನ್ನ ತುಟಿಯನ್ನೇ ದುರುಗುಟ್ಟಿ ನೋಡಿ ಗದರಿದರು: "ಅದೇನೇ ನಿನ್ನ ಬಾಯಿ, ಸುಮ್ಮನಿರೋದೇ ಇಲ್ಲ! ಅವನನ್ನ ನೋಡಿ ಕಲಿ. ಬರ್ತಾನೆ, ನನ್ನ ಕಾಲು ತೊಡೆ ಮೇಲಿಟ್ಕೊಂಡು ಕೂರ್ತಾನೆ, ಒಂದು ಮಾತಿಲ್ಲ. ದೇವರೇ ಬಂದು ಪಕ್ಕದಲ್ಲಿ ಕೂತ ಹಾಗಿರುತ್ತೆ." ತಿರುಗಿ ನೋಡಿದರೆ ಬಾಗಿಲಲ್ಲಿ ಗಡಿಯಾರದವರು, ಊಟಕ್ಕೆ ಬಂದವರು, ಕೈಯಲ್ಲಿ ಚಪ್ಪಲಿ ಹಿಡಿದು ಹಾಗೇ ನಿಂತಿದ್ದಾರೆ. ಅವರು ಒಳಗೆ ಬಂದು, ಗಂಟಲು ಮುಟ್ಟಿ ತೋರಿಸಿ, ಕೈಯಾಡಿಸಿ, ನಿಮ್ಮ ಸ್ವರ ಹೋಗಿದೆ ಎಂದು ತಾಯಿಗೆ ಸನ್ನೆ ಮಾಡಿದರು. ಅಜ್ಜಿ ಮಗನ ಗಂಟಲನ್ನೇ ನೋಡಿ ಕೇಳಿದರು: "ಅವನಿಗೆ ಸ್ವರ ಇತ್ತಾ?" ಮಗ ಹೂಂ ಎಂದು ತಲೆಯಾಡಿಸಿದರು. "ಹೋದ್ರೆ ಹೋಗ್ಲಿ ಬಿಡು. ಕೈ ನೆಟ್ಟಗಿದೆ ತಾನೇ?" ಎಂದವರೇ, ಒಂದು ಕಾಲು ಮುಗಿಯುವಷ್ಟರಲ್ಲಿ ಸಾಕೆಂದು ಹೊದಿಕೆ ಎಳೆದುಕೊಂಡರು. ನಾನು ಮೆಟ್ಟಿಲಿಳಿದು ಬಂದು ಅವರ ಅಂಗಡಿಯ ಮುಂದೆ, ಅಷ್ಟು ಗಡಿಯಾರಗಳ ಎದುರು, ಯಾರೇನು ಅಂದುಕೊಂಡರೂ ಅಂದುಕೊಳ್ಳಲಿ ಎಂದು ನಿಂತು ಅತ್ತೆ.

ಈಗ ಇವತ್ತಿನ ಮಾತು. ಆರಾಧನೆ ಮುಗಿದ ಮೇಲೆ ಯಾರೂ ಹೋಗಬೇಡಿ ಎಂದು ಗಡಿಯಾರದವರು ಎದ್ದು ನಿಂತರು. ಅವರು ಕೇಳಿದ್ದೇನು ಗೊತ್ತೇ? "ಪಾಸ್ಟರ್ ಪ್ರಸಂಗದಲ್ಲಿ ನಿಮಗೆ ಯಾವುದು ನೆನಪಿದೆ? ಒಬ್ಬರಾದ್ರೂ ಹೇಳಿ." ಒಬ್ಬರು ಮೇಲಿನ ಫ್ಯಾನು ನೋಡುತ್ತಾರೆ, ಇನ್ನೊಬ್ಬರು ಹೊರಗಿನ ಸೈಕಲ್ಲು ನೋಡುತ್ತಾರೆ. ನನಗೆ ಮೈಯೆಲ್ಲ ಉರಿಯಿತು; ಆ ಪ್ರತಿ ಪ್ರಸಂಗಕ್ಕೂ ನಿಮ್ಮ ಅಂಗಿಗೆ ಇಸ್ತ್ರಿ ಹಾಕಿದವಳು ನಾನು! ಆಮೇಲೆ ಅವರು, "ಸರಿ, ಪಾಸ್ಟರ್ ನಿಮ್ಮನೆಗೆ ಬಂದು ಏನು ಮಾಡಿದ್ರು, ಅದನ್ನ ಹೇಳಿ" ಎಂದರು. ಅಷ್ಟೇ ಸಾಕಾಯಿತು. ಬಡಗಿಯ ಸೊಸೆ ಎದ್ದಳು. ಬಸ್ ಡ್ರೈವರ್ ಎದ್ದ. ಅವನ ಮಗು ಆಸ್ಪತ್ರೆಯಲ್ಲಿದ್ದಾಗ ನೀವು ಬೆಳಗಿನವರೆಗೂ ಅವನ ಕೈ ಹಿಡಿದು ಕೂತಿದ್ದಿರಂತೆ, ಪ್ರಾರ್ಥನೆ ಕೂಡ ಗಟ್ಟಿಯಾಗಿ ಮಾಡಲಿಲ್ಲವಂತೆ, ಅದನ್ನು ಹೇಳುತ್ತಾ ಅಷ್ಟು ದೊಡ್ಡ ಗಂಡಸು ಗಳಗಳನೆ ಅತ್ತ. ನಿವೃತ್ತ ಮೇಷ್ಟ್ರೂ ಎದ್ದರು. ಬೂಟು ಕಳಚಿ, ಕಾಲುಚೀಲ ಎಳೆದು, ಕಾಲನ್ನು ಮುಂದಿನ ಬೆಂಚಿನ ಮೇಲಿಟ್ಟು, ನೋಡಿ ಎನ್ನುವಂತೆ ಬೆರಳು ಆಡಿಸಿದರು. ದೇವರ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಗೆ ಗಡಿಯಾರದವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನಾನು ತಪ್ಪು ಗಡಿಯಾರ ನೋಡ್ತಿದ್ದೆ. ಗಂಟೆ ಕೆಟ್ಟಿದೆ ಅಷ್ಟೇ, ಒಳಗಿನ ಯಂತ್ರ ಸರಿಯಾಗೇ ನಡೀತಾ ಇದೆ. ಅವರು ಪ್ರಸಂಗ ಬರೆದು ಕೊಡಲಿ, ನಾವು ಸರದಿ ಮೇಲೆ ಓದೋಣ. ಪಾಸ್ಟರ್ ಇಲ್ಲೇ ಇರಬೇಕು ಅನ್ನೋರು ಕೈ ಎತ್ತಿ." ರೀ, ಎತ್ತದ ಕೈ ಒಂದಿರಲಿಲ್ಲ! ಗಾನತಂಡದವರು ಯಾರೂ ಹೇಳದೆಯೇ ಹಾಡು ಶುರುಮಾಡಿದರು, ಶ್ರುತಿ ಎಲ್ಲೋ ತಾಳ ಎಲ್ಲೋ, ಆದರೆ ಕಿಟಕಿಗಳು ಅದುರುವ ಹಾಗೆ. ಹೊರಬರುವಾಗ ಉಗುರು ಕತ್ತರಿಸಲು ಕಲಿಸಿಕೊಡಿ ಎಂದು ಐದು ಜನ ನನ್ನನ್ನು ಮುತ್ತಿಕೊಂಡರು. ಮೊದಲ ಪ್ರಸಂಗ ಓದುವವನು ಬಸ್ ಡ್ರೈವರ್. ಅವನು ಸ್ಟಾಪಿನ ಹೆಸರು ಕೂಗುವ ಹಾಗೆ ಓದುತ್ತಾನೆ, ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ.

ಸೇವೆ ಮುಗಿಯಿತೆಂದು ಇನ್ನೊಮ್ಮೆ ಬರೆದರೆ ಆ ಸ್ಲೇಟನ್ನೇ ಒಡೆದು ಹಾಕುತ್ತೇನೆ. ನಿಮ್ಮ ಗಂಟಲಿಗಾಗಿ ನಾನೂ ಅತ್ತಿದ್ದೇನೆ, ಇನ್ನೂ ಅಳುತ್ತೇನೆ. ನನ್ನನ್ನು ಹೆಸರು ಹಿಡಿದು ಕೂಗುವ ಆ ದನಿ ಮನೆಯಲ್ಲಿ ಇನ್ನು ಕೇಳದಲ್ಲ. ಆದರೆ ದೇವರು ನಿಮ್ಮನ್ನು ಕರೆದದ್ದು ಆ ದನಿಗಾಗಿಯಲ್ಲ. ಈ ಜನರಿಗಾಗಿ ಕರೆದ, ಮತ್ತು ಆ ಕರೆಯನ್ನು ಅವನು ಹಿಂದಕ್ಕೆ ತೆಗೆದುಕೊಂಡಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಅಂಗಡಿಗೆ ವಾಪಸು ಕೊಟ್ಟೆ. ನಿಮ್ಮ ತಮ್ಮನಿಗೆ ನನ್ನ ಆಶೀರ್ವಾದ ತಿಳಿಸಿ, ತಟ್ಟೆಗೆ ಕೈ ಹಾಕಬೇಡ ಎಂದೂ ತಿಳಿಸಿ. ಸಭೆಯವರೆಲ್ಲರ ಪ್ರೀತಿ ನಿಮ್ಮ ಮೇಲಿದೆ, ದೇವರ ಕೈ ಎಲ್ಲರ ಮೇಲಿದೆ.

ಮನೆ ಖಾಲಿ ಮಾಡದ,
ನಿಮ್ಮ ಹೆಂಡತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗಡಿಯಾರದವರು ಓಡಿಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ. ಅವರ ತಾಯಿ ಎಡಗಾಲಿನ ಉಗುರು ತೆಗೆಯಲು ಯಾರಿಗೂ ಬಿಡುತ್ತಿಲ್ಲವಂತೆ. ಮಗ ಹತ್ತಿರ ಹೋದರೂ ಒದೆಯುತ್ತಾರಂತೆ. "ಅದು ಅವನಿಗೆ ಅಂತ ಇಟ್ಟಿದ್ದೀನಿ" ಎನ್ನುತ್ತಾರೆ. ಉಗುರು ಬೆಳೆಯುತ್ತಿದೆ ರೀ, ಬೇಗ ಬನ್ನಿ.