ಸರತಿಯಲ್ಲಿ ನಿನ್ನ ಹೆಸರು

ಅಮ್ಮಾ,

ನಮ್ಮ ನಾರಿನ್ ಊರಿನ ಗ್ರಂಥಾಲಯ ಈಗ ಹುಡುಗರ ಫೋನಿನೊಳಗಿದೆ. ಪುಕ್ಕಟೆ ಎಂದರು, ನಾನೂ ಹಾಕಿಸಿಕೊಂಡೆ. ನಿನ್ನೆ ಸಂದೇಶ ಬಂತು: 'ನಿಮ್ಮಲ್ಲಿರುವ ನಕ್ಷತ್ರಗಳ ಪುಸ್ತಕಕ್ಕಾಗಿ ಬುರುಲ್ ಕಾಯುತ್ತಿದ್ದಾರೆ.'

ನಿನ್ನ ಹೆಸರು. ನೀನು ತೀರಿಕೊಂಡು ಆರು ವರ್ಷ. ಅದು ನೀನು ಗ್ರಂಥಾಲಯದಿಂದ ತಂದಿದ್ದ, ಚಿಕ್ಕವಳಿದ್ದಾಗ ನಾನು ಬಚ್ಚಿಟ್ಟ ಪುಸ್ತಕ. ಕಳೆದವಳು ನೀನೇ ಎಂದು ಅಲ್ಲಿಯವರು ನಿನ್ನ ಓದುಗರ ಚೀಟಿ ಕಿತ್ತುಕೊಂಡಾಗಲೂ ನಾನು ಬಾಯಿಬಿಡಲಿಲ್ಲ.

ಇವತ್ತು ಅದನ್ನು ಗ್ರಂಥಾಲಯಕ್ಕೆ ಒಯ್ದು ಮೇಜಿನ ಮೇಲಿಟ್ಟು, ಸಂದೇಶ ಬಂದದ್ದನ್ನು ಹೇಳಿದೆ.

"ಸರತೀಲಿ ಯಾರೂ ಇಲ್ವಲ್ಲ ಅಕ್ಕಾ," ಎಂದಳು ಅಲ್ಲಿಯ ಹುಡುಗಿ. "ಸಂದೇಶ ಎಲ್ಲಿ, ತೋರ್ಸಿ?"

"ಸಂತೇಲಿ ಇಪ್ಪತ್ತು ವರ್ಷ ಕಂಬಳಿ ಮಾರಿದೀನಿ ಕಣೆ, ನಂಗೇ ಟೋಪಿ ಹಾಕ್ತೀಯಾ?" ಎಂದು ಫೋನು ತೆಗೆದೆ. ಹೊಸ ಸಂದೇಶವಿತ್ತು: 'ಪುಸ್ತಕ ಬುರುಲ್ ಕೈ ಸೇರಿದೆ.'

ಇಬ್ಬರೂ ತಲೆಯೆತ್ತಿದೆವು. ಮೇಜು ಖಾಲಿಯಿತ್ತು.

ಅಮ್ಮಾ, ಅದರ ಕೊನೆಯ ಹಾಳೆಯನ್ನು ನಾನು ಮೊದಲೇ ಕಿತ್ತಿಟ್ಟುಕೊಂಡಿದ್ದೇನೆ. ಅದನ್ನು ಕೇಳಿ ಪಡೆಯುವುದಕ್ಕಾದರೂ ಮನೆಗೆ ಬಾ.