ಕ್ಲಿಯರ್ ಎನ್ನಬೇಕಾದವರು

೩ ಫೆಬ್ರವರಿ, ಬೆಳಿಗ್ಗೆ ೬.೧೦

ಡ್ಯೂಟಿಗೆ ಕುಳಿತೆ. ಕೌಜಲಗಿ ಬಸ್ಸು ಇವತ್ತೂ ತಡ. ಈ ಕರೆಂಟ್ ಸಬ್‌ಸ್ಟೇಷನ್‌ಗೆ ಆಪರೇಟರ್ ಆಗಿ ಬಂದು ಮೂರು ತಿಂಗಳು. ಇನ್ನೂ ಫೋನಿನಲ್ಲಿ ನನ್ನ ದನಿ ಕೇಳಿದರೆ ಶಿದ್ಲಿಂಗಪ್ಪ ಕಾಕಾ ನನ್ನ ಸೀನಿಯರನ್ನೇ ಕೇಳುತ್ತಾರೆ, “ರಾಜೇಶ್ವರಿ ಮೇಡಂ ಇಲ್ಲೇನು?” ಎನ್ನುತ್ತಾರೆ. ಇಪ್ಪತ್ತಾರು ವರ್ಷ ಸರ್ವಿಸ್ ಆದ ಲೈನ್‌ಮನ್. ನನ್ನ ಮಾತು ನಂಬಿ ಕಂಬ ಹತ್ತಲು ಮನಸ್ಸಿಲ್ಲ. ಸಿಟ್ಟು ಬರುತ್ತದೆ. ಜೀವ ಅವರದು, ಅದೂ ಖರೆ.

೫ ಫೆಬ್ರವರಿ

ಒಂದೇ ದಿನ ಮನೆಯಲ್ಲಿ ಎಷ್ಟು ಕ್ಲಿಯರ್... ತಮ್ಮ ಮಾಳು ಮ್ಯಾಥ್ಸ್ ಕ್ಲಿಯರ್ ಮಾಡಿದ. ಅವ್ವನ ಎಕ್ಸ್‌ರೇ ಕ್ಲಿಯರ್. ಹುಕ್ಕೇರಿ ಅತ್ತೆಗೆ ಫೋನಿನಲ್ಲಿ ನಮ್ಮ ಮಾತು ಕ್ಲಿಯರ್ ಇಲ್ಲವಂತೆ. ಎಲ್ಲರೂ ಪುಕ್ಕಟೆ ಬಳಸುತ್ತಾರೆ. ನಮ್ಮಲ್ಲಿ ಮಾತ್ರ ಆ ಮಾತಿಗೆ ವಾರಸುದಾರ ಇರುತ್ತಾನೆ. ಕರೆಂಟ್ ತೆಗೆಸಿ ಕಂಬ ಹತ್ತಿದವರು ಯಾರೋ, ಇಳಿದ ಮೇಲೆ ಕ್ಲಿಯರ್ ಎನ್ನಬೇಕಾದವರೂ ಅವರೇ. ಆಮೇಲೆಯೇ ಕರೆಂಟ್.

೧೧ ಫೆಬ್ರವರಿ, ಮಧ್ಯಾಹ್ನ ೩

ರಾಜೇಶ್ವರಿ ಮೇಡಂ ರಜೆ. ಕಾಕಾ ಬೇರೆ ದಾರಿಯಿಲ್ಲದೆ ನನ್ನಿಂದಲೇ ಲೈನ್ ತೆಗೆಸಿ, ಅಂದರೆ ಕರೆಂಟ್ ಬಂದ್ ಮಾಡಿಸಿ, ಕಂಬ ಹತ್ತಿದರು. ಹನ್ನೆರಡಕ್ಕೆ ಸೆಕ್ಷನ್ ಆಫೀಸಿನ ಸಾಹೇಬರ ಫೋನು — ಕೆಲಸ ಮುಗಿದಿದೆಯಂತೆ, ಎಲ್ಲ ಕ್ಲಿಯರ್, ಕರೆಂಟ್ ಕೊಡು. ಕಾಕಾಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಸಾಹೇಬರು ರೇಗಿದರು. ಪಂಪ್‌ಸೆಟ್ಟಿನ ರೈತರು ಗೇಟಿಗೆ ಬಂದು ಬೈದರು.

“ಕಂಬ ಹತ್ತಿದವ್ರ ಬಾಯಿಂದ ಬರಬೇಕ್ರಿ ಸಾಹೇಬ್ರ,” ಎಂದೆ. ಕುಳಿತೆ.

ಐವತ್ತು ನಿಮಿಷ. ಕೊನೆಗೆ ಕಾಕಾ ಯಾರದೋ ಫೋನಿನಿಂದ ಕ್ಲಿಯರ್ ಎಂದರು. ಅವರ ಮೊಬೈಲ್ ಬ್ಯಾಟರಿ ಸತ್ತಿತ್ತು. ಕೆಲಸ ಯಾವಾಗಲೋ ಮುಗಿಸಿ ಹುಣಸೆ ಮರದ ಕೆಳಗೆ ರೊಟ್ಟಿ ತಿನ್ನುತ್ತಿದ್ದರಂತೆ...

೧೩ ಫೆಬ್ರವರಿ

ಕರೆಂಟ್ ತಡಮಾಡಿದ್ದಕ್ಕೆ ಮೆಮೊ ಬಂತು. ಸ್ಟಾಫೆಲ್ಲ ನಗುತ್ತಿದೆ. ನಾನೀಗ ‘ರೊಟ್ಟಿ ಕಾಯ್ದ ಮೇಡಂ’. ಉತ್ತರ ಬರೆದೆ — ಇನ್ನೊಮ್ಮೆ ಆದರೂ ಹೀಗೆಯೇ ಕಾಯುತ್ತೇನೆ. ಸಹಿ ಹಾಕುವಾಗ ಹೆಮ್ಮೆಯೆನಿಸಿತು. ಸುಳ್ಳೇಕೆ ಬರೆಯಲಿ.

೧೯ ಫೆಬ್ರವರಿ, ೧೧.೨೦

ಫೋನು. ರಾಜೇಶ್ವರಿ ಮೇಡಂ ಎತ್ತಿದರು. ಕೇಳಿಸಿಕೊಂಡು, ನಕ್ಕು, ನನ್ನ ಕೈಗೆ ಕೊಟ್ಟರು. ಶಿದ್ಲಿಂಗಪ್ಪ ಕಾಕಾ.

“ವಿದ್ಯಾ, ಆವತ್ತ ನಾ ಕೆಳಗ ಇದ್ನಿ. ಮ್ಯಾಲ ಇದ್ದಿದ್ರೂ ನೀ ಹಂಗ ಕುಂತಿರತಿದ್ದಿ. ಇನ್ನ ಮ್ಯಾಲ ನನ್ನ ಲೈನ್ ನೀನ ತಗೀಬೇಕವಾ.”

ತೆಗೆದೆ. ರಿಜಿಸ್ಟರಿನಲ್ಲಿ ಅವರ ಹೆಸರು, ಬಾಜೂ ನನ್ನದು. ಅಕ್ಷರ ಸ್ವಲ್ಪ ದೊಡ್ಡದಾಯಿತು. ಆಗಲಿ. ಕಾಕಾ ಕಂಬದ ಮೇಲಿದ್ದಾರೆ. ಕಾಯುತ್ತಿದ್ದೇನೆ.

೧೨.೪೫

ಫೋನು. ಅವರದೇ ದನಿ —