ನೀನಿಲ್ಲದೆಯೂ ನಿಂತ ಹಾಡು

ಪ್ರೀತಿಯ ಬಾವ,

ಫೋನ್ ಮಾಡಿದರೆ ಅಕ್ಕ ಎತ್ತುತ್ತಾಳೆ. "ನಿಮ್ಮ ಬಾವ ಸ್ನಾನಕ್ಕೆ ಹೋಗಿದಾರೆ ಕಣೋ" ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಹೀಗೇ ಆದರೆ ನೀನು ಸೋಪಿನ ಜೊತೆ ಸವೆದುಹೋಗುತ್ತೀಯ. ನಿನ್ನ ಕನ್ನಡಕದ ಅಂಗಡಿಗೂ ಬಂದೆ. ಯಾರೋ ಹೆಂಗಸಿನ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಹಾಕಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದೆ. ನನ್ನನ್ನು ನೋಡಿ "ಕೂತ್ಕೋ, ಬಂದೆ" ಅಂದವನು ಒಳಗಿನ ಕೋಣೆಗೆ ಹೋಗಿ ಬರಲೇ ಇಲ್ಲ. ಚೌಕಟ್ಟುಗಳ ಸಾಲು ನೋಡುತ್ತಾ ಕೂತೆ, ಕೂತೆ, ಎದ್ದು ಬಂದೆ. ಅದಕ್ಕೇ ಈ ಕಾಗದ. ನಾನು ಕಾಗದ ಬರೆಯುವ ಪೈಕಿ ಅಲ್ಲ ಅಂತ ನಿನಗೆ ಗೊತ್ತಿದೆ. ಬೈಯುವುದಿದ್ದರೆ ಎದುರಿಗೇ ಬೈದು ಮುಗಿಸುವವನು. ಈಗ ಬೈಯುವುದಕ್ಕೂ ಯಾರೂ ಸಿಗುತ್ತಿಲ್ಲ.

ನಾಳೆ ಬೆಳಿಗ್ಗೆ ನಮ್ಮ ಹಾಡುಗಳ ರೆಕಾರ್ಡಿಂಗ್. ಇಷ್ಟು ವರ್ಷದಲ್ಲಿ ನಾವು ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದು ಬಾವ, ಇದರಲ್ಲಿ ಅನುಮಾನವೇ ಇಲ್ಲ. ಅದರಲ್ಲಿ ನೀನಿಲ್ಲ. ಇದನ್ನು ಹೇಗಾದರೂ ತಪ್ಪಿಸಬೇಕು ಅಂತ ಸಂಜೆಯಿಂದ ಕೂತಿದ್ದೀನಿ. ಹೇಗೆ ಅಂತ ಮಾತ್ರ ಹೊಳೆಯುತ್ತಿಲ್ಲ.

ಬ್ಯಾಂಡು ಕಟ್ಟಿದವನು ನೀನು. ಅಕ್ಕನನ್ನು ಮದುವೆ ಆಗುವುದಕ್ಕೂ ಮೊದಲೇ ನನ್ನನ್ನು ಡ್ರಮ್ಮಿನ ಮುಂದೆ ಕೂರಿಸಿದ್ದೆ. ಅದಕ್ಕೇ ಇವತ್ತಿಗೂ ನಿನ್ನನ್ನು ಏಕವಚನದಲ್ಲೇ ಕರೆಯುತ್ತೀನಿ, ಅಕ್ಕ ಎಷ್ಟು ಕಣ್ಣು ಬಿಟ್ಟರೂ. ಹಾಸಿಗೆ ಹೊಲಿಯುವವನ ಕಾರ್ಖಾನೆ ಮೇಲಿನ ಆ ಕೋಣೆ ಹುಡುಕಿದ್ದೂ ನೀನೇ. ಅವನು ಮಾರಲಾಗದ ಹಾಸಿಗೆಗಳನ್ನೆಲ್ಲ ಗೋಡೆಗೆ ಒರಗಿಸಿಕೊಟ್ಟ. ಬೀದಿಯವರ ಕಿವಿ ಉಳಿಯಿತು. ನಮ್ಮ ಕಿವಿ ಹೋಯಿತು. ನಾನು ಡ್ರಮ್ ಬಾರಿಸುತ್ತಿರಲಿಲ್ಲ, ಡ್ರಮ್ಮಿನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೆ. ಟೀಚರ್ ಹಾಡುತ್ತಿರಲಿಲ್ಲ, ಶಾಲೆಯಲ್ಲಿ ಮಕ್ಕಳ ಮೇಲೆ ಕೂಗಿ ಉಳಿದದ್ದನ್ನು ತಂದು ನಮ್ಮ ಮೇಲೆ ಕೂಗುತ್ತಿದ್ದಳು. ಮೌನಿ ತನ್ನ ಬೇಸ್ ಗಿಟಾರ್ ತಬ್ಬಿಕೊಂಡು, ಲಿಫ್ಟ್ ರಿಪೇರಿಗೆ ಬಂದವನು ದಾರಿತಪ್ಪಿ ವೇದಿಕೆ ಹತ್ತಿದ ಹಾಗೆ ಮೂಲೆಯಲ್ಲಿ ನಿಂತಿರುತ್ತಿದ್ದ. ಜನ ಬರುತ್ತಿದ್ದದ್ದು ಗಿಟಾರಿನ ಮೇಲೆ ಓಡುವ ನಿನ್ನ ಕೈ ನೋಡುವುದಕ್ಕೆ. ಅಬ್ಬಾ, ಏನು ಕೈ ಅದು! ಮುಂದಿನ ಸಾಲಿನವರು ಹಾಡು ಕೇಳುವುದು ಬಿಟ್ಟು ನಿನ್ನ ಬೆರಳನ್ನೇ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ನಾವು ಮೂವರು ನಿನ್ನ ಹಿಂದೆ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿದ್ದೆವು.

ಆಮೇಲೆ ಒಂದು ಆಟ ಬಂತು, ಅದನ್ನು ತಂದವನೂ ನೀನೇ. ಮೌನಿ ಒಂದು ದಿನ ತಾನು ರಿಪೇರಿ ಮಾಡುತ್ತಿದ್ದ ಲಿಫ್ಟಿನಲ್ಲಿ ತಾನೇ ಸಿಕ್ಕಿಕೊಂಡ, ನೆನಪಿದೆಯಾ? ಅವನು ಬರುವವರೆಗೆ ಅಂತ ನಾವು ಮೂವರೇ ಹೊಸ ಹಾಡು ಬಾರಿಸಿದೆವು. ಮಧ್ಯದ ಭಾಗ ತಿಳಿಯಾಗಿ ಕೇಳಿಸಿತು. ನೀನು ಕೈ ನಿಲ್ಲಿಸಿ, "ಏಯ್, ಇಲ್ಲಿ ಅವನು ಬೇಡವೇ ಬೇಡ ಕಣೋ" ಅಂದೆ. ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದ ಮೌನಿಗೆ ನೀನೇ ಅದನ್ನು ಹೇಳಿದೆ. ಅವನು ಸುಮ್ಮನೆ ಹೋಗಿ ಹಾಸಿಗೆಯ ಸುರುಳಿ ಮೇಲೆ ಕೂತು, ಕೇಳಿ, "ಹೌದು, ಬೇಡ" ಅಂದ. ಅವತ್ತಿನಿಂದ ಅದೇ ಕಾನೂನು. ಹೊಸ ಹಾಡು ಬಂದರೆ ಒಬ್ಬೊಬ್ಬರಾಗಿ ಹೋಗಿ ಆ ಸುರುಳಿ ಮೇಲೆ ಕೂರಬೇಕು. ಉಳಿದವರು ಬಾರಿಸಬೇಕು. ಹಾಡು ಬಿದ್ದುಹೋದರೆ ಕೂತವನು ಎದ್ದು ಬರಬಹುದು. ಅವನಿಲ್ಲದೆಯೂ ಹಾಡು ಬೀಳದೆ ನಿಂತರೆ ಅವನು ಅಲ್ಲಿ ಬಾರಿಸಬಾರದು. ನಿಂತಿತೋ ಬಿತ್ತೋ ಅಂತ ಬೇರೆಯವರು ಹೇಳುವಂತಿಲ್ಲ. ಕೂತವನೇ ಹೇಳಬೇಕು.

ಮೊದಲ ಸಲ ನನ್ನ ಸರದಿ ಬಂದಾಗ ನಾನು ಆಡಿದ ರಂಪ ಆ ಬೀದಿಗೆಲ್ಲ ಗೊತ್ತು. ಕೋಲು ಬಿಸಾಕಿ ಮೆಟ್ಟಿಲಿಳಿದು ಹೋದೆ. ಚಪ್ಪಲಿ ಮೇಲೆಯೇ ಬಿಟ್ಟಿದ್ದೆ ಅಂತ ಮಾತ್ರ ವಾಪಸ್ ಬಂದೆ. ಬಂದಾಗ ನೀವು ಇನ್ನೂ ಬಾರಿಸುತ್ತಿದ್ದಿರಿ. ಬಾಗಿಲಲ್ಲೇ ನಿಂತು ಕೇಳಿದೆ, ಚಪ್ಪಲಿ ಕೈಯಲ್ಲಿತ್ತು. ನನ್ನ ಗಲಾಟೆ ಇಲ್ಲದೆ ಟೀಚರ್ ದನಿಯಲ್ಲಿ ಏನೋ ಒಂದು ನಡುಕ ಕೇಳಿಸಿತು. ಅವಳಿಗೆ ಅಂಥ ದನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. "ನಿಂತಿದೆ" ಅಂದೆ. ಹಲ್ಲು ಕಚ್ಚಿಕೊಂಡು ಅಂದೆ. ನೀನು ನಕ್ಕು, "ಈಗ ಡ್ರಮ್ಮರ್ ಆದೆ ನೋಡು" ಅಂದೆ.

ಅಲ್ಲಿಂದ ನಾವು ಸುಧಾರಿಸಿದೆವು. ನಿಧಾನಕ್ಕೆ, ನಾಚಿಕೆಯಾಗುವಷ್ಟು ನಿಧಾನಕ್ಕೆ. ಮಂಡಿ ನೋಯುವ ವಯಸ್ಸಿಗೆ ನನಗೆ ಯಾವಾಗ ಸುಮ್ಮನಿರಬೇಕು ಅಂತ ಅರ್ಥವಾಯಿತು. ಟೀಚರ್ ಕೂಗುವುದು ಬಿಟ್ಟು ಹೇಳುವುದು ಕಲಿತಳು. "ಮುದುಕರಾಗ್ತಾ ಆಗ್ತಾ ನಿಮಗೆಲ್ಲ ಬುದ್ಧಿ ಬಂತಲ್ಲ, ಮನೇಲೂ ಸ್ವಲ್ಪ ತೋರಿಸಿ" ಅಂತ ಅವಳ ಗಂಡ ಗೇಲಿ ಮಾಡುತ್ತಾನೆ. ನಾವು ಕುಣಿದಾಡುತ್ತಿದ್ದಾಗ ಹುಟ್ಟಿರದೇ ಇದ್ದವರು ಈಗ ಬಂದು ಕಣ್ಣು ಮುಚ್ಚಿ ಕೇಳುತ್ತಾರೆ. ಬೇರೆಯವರೆಲ್ಲ ಹಳೆಯ ಹಾಡನ್ನೇ ತೊಳೆದು ತೊಳೆದು ಹಾಡುವ ವಯಸ್ಸಲ್ಲಿ ನಮಗೆ ಹೊಸದು ಬರುತ್ತಿದೆ.

ನಿನಗೆ ಮಾತ್ರ ಹೀಗೇಕಾಯಿತು ಬಾವ?

ನಿನ್ನ ಕೈಗೇನೂ ಆಗಿಲ್ಲ. ಅದೇ ಕಷ್ಟ. ಬೆರಳು ಸೆಟೆದುಕೊಂಡಿದ್ದರೆ, ಕಿವಿ ಮಂದವಾಗಿದ್ದರೆ, ಡಾಕ್ಟರ್ ಏನಾದರೂ ಹೇಳಿದ್ದರೆ, ತಬ್ಬಿಕೊಂಡು ಅತ್ತುಬಿಡುತ್ತಿದ್ದೆವು. ನೀನು ಅವತ್ತು ಬಾರಿಸುತ್ತಿದ್ದ ಹಾಗೇ ಇವತ್ತೂ ಬಾರಿಸುತ್ತೀಯ. ಅಷ್ಟೇ ವೇಗ, ಒಂದು ಸ್ವರ ಆಚೀಚೆ ಆಗುವುದಿಲ್ಲ. ನಮಗೆ ಏನೂ ಬರುತ್ತಿರಲಿಲ್ಲ, ಕಲಿಯದೆ ಗತಿ ಇರಲಿಲ್ಲ. ನಿನಗೆ ಮೊದಲೇ ಎಲ್ಲ ಬರುತ್ತಿತ್ತು. ಎಲ್ಲ ಬರುವವನು ಏನನ್ನು ಕಲಿಯಬೇಕಿತ್ತು, ಅದನ್ನು ನಾವು ಹೇಗೆ ಹೇಳಬೇಕಿತ್ತು? ಇಷ್ಟು ವರ್ಷ ಹಾಡುಗಳೆಲ್ಲ ನಿನ್ನ ಗಿಟಾರಿನ ಮೇಲೇ ಕಟ್ಟಿದವು, ನೀನು ಹೋಗಿ ಸುರುಳಿ ಮೇಲೆ ಕೂತರೆ ಉಳಿದದ್ದೆಲ್ಲ ದಬದಬ ಬೀಳುತ್ತಿತ್ತು. ನೀನು ನಗುತ್ತಾ ಎದ್ದು ಬರುತ್ತಿದ್ದೆ. ಈ ಸಲದ ಹಾಡುಗಳನ್ನು ಟೀಚರ್ ತಂದಳು. ಅವಳ ತಾಯಿ ಹೋದಮೇಲೆ ಬರೆದವು, ಮಾತಿಗಿಂತ ಸ್ವಲ್ಪವೇ ಜಾಸ್ತಿ ಇರುವಂಥವು, ಓಡುವ ಬೆರಳಿಗೆ ಜಾಗವಿಲ್ಲದವು. ಮೊದಲನೆಯದಕ್ಕೆ ನೀನು ಹೋಗಿ ಕೂತೆ. ನಾವು ಬಾರಿಸಿದೆವು. "ಅರೆ, ನಿಂತಿದೆಯಲ್ಲೋ!" ಅಂತ ನಕ್ಕು ಟೀ ಮಾಡಲು ಹೋದೆ. ಎರಡನೆಯದೂ ನಿಂತಿತು. ಆಮೇಲಿನದೂ. ಒಂದೊಂದು ಹಾಡಿಗೂ ನಿನ್ನ ನಗು ಚೂರು ಚೂರು ಕಮ್ಮಿಯಾಯಿತು. ಕೊನೆಗೆ ಒಂದೇ ಹಾಡು ಬಾಕಿ ಉಳಿಯಿತು.

ಆಗ ನಾವು ಮೂವರು ಮಾಡಿದ ಘನಂದಾರಿ ಕೆಲಸ ಕೇಳು. ನಿನಗೆ ಗೊತ್ತಾಗಿದೆ ಅಂತ ಗೊತ್ತು, ಆದರೂ ಹೇಳುತ್ತೀನಿ. ಮೌನಿ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋಗಿ, ಅವನು ನಿಲ್ಲಿಸಿಟ್ಟಿದ್ದ ಲಿಫ್ಟಿನೊಳಗೆ ನಿಂತು, ಅರವತ್ತರ ಹತ್ತಿರ ಬಂದ ನಾವು ಪರೀಕ್ಷೆಗೆ ಕಾಪಿ ಹೊಡೆಯುವ ಮಕ್ಕಳ ಹಾಗೆ ಪಿಸುಗುಟ್ಟಿದೆವು. ನೀನು ಕೂತಾಗ ಹಾಡು ಬೀಳಬೇಕು. ನಾನು ತಾಳ ಸ್ವಲ್ಪ ಎಳೆಯುವುದು, ಮೌನಿ ಅಲ್ಲಲ್ಲಿ ತಡವಾಗಿ ಬರುವುದು, ಟೀಚರ್ ಉಸಿರು ಸಾಲದ ಹಾಗೆ ಸಾಲು ತುಂಡು ಮಾಡುವುದು. ನೀನು ಎದ್ದು ಬರುತ್ತೀಯ, ಒಂದು ಹಾಡಿನಲ್ಲಾದರೂ ಇರುತ್ತೀಯ. ಇದು ನನ್ನದೇ ಉಪಾಯ. ಟೀಚರ್ ಬೇಡ ಬೇಡ ಅಂದಳು. "ನೀನು ಸುಮ್ಮನಿರು" ಅಂತ ಅವಳ ಬಾಯಿ ಮುಚ್ಚಿಸಿದೆ.

ಭಾನುವಾರ ಬೆಳಿಗ್ಗೆ ನೀನು ಕನ್ನಡಕ ಒರೆಸಿ ಹಾಕಿಕೊಂಡು ಸುರುಳಿ ಮೇಲೆ ಕೂತೆ. ಕಿಟಕಿಯಿಂದ ಬಿಸಿಲು ಬಂದಿತ್ತು, ಕೆಳಗೆ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು. ನಾವು ಶುರುಮಾಡಿದೆವು. ನಾನು ಎಳೆದೆ. ಅದೆಷ್ಟು ಕಷ್ಟ ಗೊತ್ತಾ? ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ, ಹಿಡಿದು ಹಿಡಿದು ತಪ್ಪಿಸಬೇಕು. ಮೊದಲ ಚರಣವೂ ಮುಗಿದಿರಲಿಲ್ಲ, ನೀನು ಕೈ ಎತ್ತಿದೆ.

"ಬಾಮೈದ, ಯಾಕೋ ಸುಳ್ಳು ಬಾರಿಸ್ತಿದೀಯ?"

ಟೀಚರ್ ಮೈಕಿನ ಕಂಬಿ ಹಿಡಿದು ನೆಲ ನೋಡಿದಳು. ನೀನು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬೈಯಲಿಲ್ಲ. "ಸರಿಯಾಗಿ ಬಾರಿಸು. ನನ್ನಾಣೆ" ಅಂದೆ.

ಬಾರಿಸಿದೆವು. ಬಾವ, ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಜೀವಮಾನದಲ್ಲಿ ನಾವು ಹಾಗೆ ಬಾರಿಸಿರಲಿಲ್ಲ. ನಾಚಿಕೆಗೋ, ಸಂಕಟಕ್ಕೋ, ಏನೋ ಒಂದಕ್ಕೆ. ನಾನು ಬರೀ ಒಂದು ಕೈಯಲ್ಲಿ, ತಟ್ಟಿದೆನೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಬಾರಿಸುತ್ತಿದ್ದೆ. ಟೀಚರ್ ತನ್ನ ತಾಯಿಯನ್ನು ಪಕ್ಕದ ಕೋಣೆಯಿಂದ ಕರೆಯುವ ಹಾಗೆ ಹಾಡಿದಳು. ನಡುವೆ ಎಲ್ಲೋ ನೀನು ಅಲ್ಲಿ ಕೂತಿದ್ದೀಯ ಅನ್ನುವುದೇ ನನಗೆ ಮರೆತುಹೋಯಿತು. ಮರೆತೇ ಹೋಯಿತು ಬಾವ. ಮುಗಿದಮೇಲೆ ತಲೆ ಎತ್ತಿದರೆ ನೀನು ಮತ್ತೆ ಕನ್ನಡಕ ಒರೆಸುತ್ತಿದ್ದೆ.

"ನಿಂತಿದೆ" ಅಂದೆ. ಕನ್ನಡಕ ಹಾಕಿಕೊಂಡು, "ಚೆನ್ನಾಗಿ ನಿಂತಿದೆ" ಅಂದೆ.

ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಕೊಂಡಿ ಎರಡೂ ಸರಿಯಾಗಿ ಬಿದ್ದಿವೆಯಾ ಅಂತ ನೋಡಿ, ಮೆಟ್ಟಿಲಿಳಿದೆ. ನಾವು ಮೂವರು ಕಂಬದ ಹಾಗೆ ನಿಂತಿದ್ದೆವು. ಕೆಳಗೆ ನೀನು ಹಾಸಿಗೆಯವನ ಹತ್ತಿರ ಈ ವರ್ಷದ ಹತ್ತಿ ಹೇಗಿದೆ ಅಂತ ವಿಚಾರಿಸುವುದು ಕೇಳಿಸಿತು. ಎಂದಿನ ದನಿ. ನಗು ಕೂಡ.

ಸಂಜೆ ಅಕ್ಕನ ಫೋನು. "ಮೂರೂ ಜನ ಸೇರ್ಕೊಂಡು ಅವರಿಗೆ ಏನು ಮಾಡಿದ್ರೋ?" ಅಂದಳು. ಏನೂ ಮಾಡಲಿಲ್ಲ ಅಕ್ಕ, ಹಾಡು ಬಾರಿಸಿದೆವು ಅಂದೆ. "ಅವರೂ ಇರೋ ಹಾಗೆ ಏನಾದ್ರೂ ಬಾರಿಸೋಕೆ ಆಗ್ತಿರ್ಲಿಲ್ವಾ?" ಅಂದಳು. ಎಷ್ಟು ಸುಲಭದ ಪ್ರಶ್ನೆ!

ಆಮೇಲೂ ಕೈಕಟ್ಟಿ ಕೂರಲಿಲ್ಲ. ಈ ರೆಕಾರ್ಡೇ ಬೇಡ ಅಂತ ಟೀಚರ್ ಮನೆಗೆ ಹೋಗಿ ಹೇಳಿದೆ. ಅವಳು ಅಳುತ್ತಲೇ, "ಯಾಕೆ ಬಿಟ್ವಿ ಅಂತ ಅವನಿಗೆ ಗೊತ್ತಾಗಲ್ಲ ಅನ್ಕೊಂಡಿದೀಯಾ?" ಅಂದಳು. ಸರಿ, ಎಲ್ಲ ಹಾಡಿಗೂ ಬಾವನ ಗಿಟಾರ್ ಸೇರಿಸೋಣ, ಕಾನೂನು ಹಾಳಾಗಿಹೋಗಲಿ ಅಂತ ಮೌನಿಗೆ ಹೇಳಿದೆ. ಅವನು ತಿಂಗಳಿಗೆ ಆಗುವಷ್ಟು ಮಾತು ಒಂದೇ ಸಲಕ್ಕೆ ಆಡಿದ: "ಸೇರಿಸಿದರೆ ಅವನೇ ಮಧ್ಯದಲ್ಲಿ ಕೈ ಎತ್ತುತ್ತಾನೆ. ಇನ್ನೊಂದು ಸಲ ಎತ್ತಿಸಬೇಕಾ?" ಕೊನೆಗೆ ರೆಕಾರ್ಡಿಂಗ್ ಮಾಡುವವನಿಗೇ ಫೋನ್ ಮಾಡಿ, ನಿನ್ನ ಗಿಟಾರನ್ನು ಎಲ್ಲೋ ಒಂದು ಮೂಲೆಯಲ್ಲಿ, ಕೇಳಿಸಿಯೂ ಕೇಳಿಸದ ಹಾಗೆ ಇಡಬಹುದಾ ಅಂತ ಕೇಳಿದೆ. "ಕೇಳಿಸದ ಹಾಗೆ ಇಡೋದಕ್ಕೆ ಅವರಂಥವರನ್ನ ಯಾಕೆ ಕರೀಬೇಕು ಸರ್?" ಅಂದ. ಹೌದಲ್ಲ. ಫೋನ್ ಇಟ್ಟೆ.

ಇವತ್ತು ಡ್ರೈವಿಂಗ್ ಕ್ಲಾಸಿನಲ್ಲೂ ತಲೆ ಎಲ್ಲೋ ಇತ್ತು. ಕಲಿಯುವ ಹೆಂಗಸು ಪಾಪ ನೆಟ್ಟಗೇ ಹೋಗುತ್ತಿದ್ದಳು, ನಾನು ನನ್ನ ಕಡೆಯ ಬ್ರೇಕು ಒತ್ತಿಬಿಟ್ಟೆ. "ಸರ್, ಮುಂದೆ ಯಾರೂ ಇಲ್ವಲ್ಲ?" ಅಂದಳು. ರೇಗದೆ ಒಂದು ಪಾಠವನ್ನೂ ಮುಗಿಸದ ನಾನು "ಕ್ಷಮಿಸಿ ಅಮ್ಮ" ಅಂದೆ. ಅವಳೇ ಗಾಬರಿಯಾದಳು.

ಕೋಪ ಬರುತ್ತದೆ ಬಾವ, ನಿನ್ನ ಮೇಲೇ. ಯಾವ ಗಳಿಗೆಯಲ್ಲಿ ಆ ಕಾನೂನು ತಂದೆ? ತಂದವನು ನಿನ್ನನ್ನು ಹೊರಗಿಟ್ಟಾದರೂ ತರಬಾರದಿತ್ತಾ? ನಾಯಕ ಕೂರುವ ಹಾಗಿಲ್ಲ ಅಂತ ಅಂದಿದ್ದರೆ ನಾವು ಹೂಂ ಅನ್ನುತ್ತಿದ್ದೆವು. ಆದರೆ ಹಾಗೆ ಮಾಡಿದ್ದರೆ ಅವತ್ತು ಮೌನಿ ಕೂರುತ್ತಿರಲಿಲ್ಲ, ನಾನು ಮೆಟ್ಟಿಲು ಹತ್ತಿ ವಾಪಸ್ ಬರುತ್ತಿರಲಿಲ್ಲ, ಈ ಹಾಡುಗಳು ಇರುತ್ತಲೇ ಇರಲಿಲ್ಲ. ಎಲ್ಲಿಂದ ಯೋಚಿಸಿದರೂ ಇಲ್ಲಿಗೇ ಬಂದು ನಿಲ್ಲುತ್ತೀನಿ.

"ಹಾಡಿಗೆ ನೀನು ಬೇಕು, ಬಾ" ಅಂತ ಬರೆಯಬೇಕು ಅಂತಲೇ ಈ ಕಾಗದಕ್ಕೆ ಕೂತದ್ದು. ಬರೆಯಲಾಗಲಿಲ್ಲ. ಒಂದು ಸಾಲು ಓದುವುದರೊಳಗೆ ನೀನು ಕೈ ಎತ್ತುತ್ತೀಯ. ನಿಜವಾದದ್ದು ಇಷ್ಟು: ನನಗೆ ನೀನು ಬೇಕು. ನನ್ನ ಎಡಗಡೆ, ನೀನು ಯಾವಾಗಲೂ ನಿಲ್ಲುವ ಕಡೆ, ನೀನು ನಿಂತಿರಬೇಕು. ಆದರೆ ಹಾಡಿಗೆ ಬೇಡದವನನ್ನು ನನಗೆ ಬೇಕು ಅಂತ ಎಲ್ಲಿ ನಿಲ್ಲಿಸಲಿ? ಸುಮ್ಮನೆ ಕೂರಿಸಿಕೊಂಡರೆ ನಿನಗೆ ಅವಮಾನ, ಬಿಟ್ಟುಬಿಟ್ಟರೆ ನನಗೆ ಸಂಕಟ. ನಿನ್ನಂಥವನನ್ನು ಏನು ಮಾಡಬೇಕು ಅಂತ ಗೊತ್ತಾಗುವಷ್ಟು ದೊಡ್ಡವನು ನಾನಿನ್ನೂ ಆಗಿಲ್ಲ, ಬಾವ.

ನಾಳೆ ಹೋಗುತ್ತೀನಿ. ಹೋಗದಿದ್ದರೆ ನೀನು ಕ್ಷಮಿಸುವುದಿಲ್ಲ. ಚೆನ್ನಾಗಿಯೇ ಬಾರಿಸುತ್ತೀನಿ. ಕೆಟ್ಟದಾಗಿ ಬಾರಿಸಿ ನೋಡಿದೆನಲ್ಲ, ನನ್ನಿಂದ ಅದೂ ಆಗಲಿಲ್ಲ. ರೆಕಾರ್ಡ್ ಬಂದಮೇಲೆ ನೀನು ಕೇಳಬೇಡ. ಇಲ್ಲ, ಕೇಳು. ಪೂರ್ತಿ ಕೇಳು. ಕೇಳುವಾಗ ಎಲ್ಲಾದರೂ ಒಂದು ಕಡೆ, ಅರ್ಧ ಉಸಿರಿನಷ್ಟಾದರೂ, ಇಲ್ಲಿ ನಾನು ಇರಬೇಕಿತ್ತು ಅನ್ನಿಸಿದರೆ ಆ ಕ್ಷಣವೇ ಎದ್ದು ನನ್ನ ಮನೆಗೆ ಬಂದುಬಿಡು. ಅನ್ನಿಸುವುದಿಲ್ಲ ಅಂತ ನನಗೆ ಗೊತ್ತು. ಆದರೂ ಬಾ.

ಚಿಕ್ಕವನು ದೊಡ್ಡವರನ್ನು ಹರಸಬಾರದಂತೆ. ಈ ಒಂದು ಸಲ ತಡೆದುಕೋ. ಅಕ್ಕನೂ ನೀನೂ ನೂರು ಕಾಲ ಸುಖವಾಗಿರಿ.

ಇಂತಿ, ಇನ್ನೇನೂ ಮಾಡಲು ತೋಚದ
ನಿನ್ನ ಬಾಮೈದ